ಅಂಟಿನ ಅವತಾರಗಳು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥ. ಅಡುಗೆಯಿಂದ ಹಿಡಿದು ಆನೆ ಪಳಗಿಸುವವರೆಗೆ ಅದರಲ್ಲಿ ಇಲ್ಲದ ವಿದ್ಯೆಯಿಲ್ಲ. ಚಿತ್ರ ಬರೆಯುವ ಭಾಗದಲ್ಲಿ ವಜ್ರಲೇಪವೆಂಬ ಅಂಟನ್ನು ಕಾಸುವ ಕ್ರಮವೂ ಇದೆ. ಎಮ್ಮೆಯ ಹಸಿ ಚರ್ಮವನ್ನು ನೀರಿಗೆ ಹಾಕಿ ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಬೇಯಿಸಬೇಕು, ಗಟ್ಟಿಯಾದ ಪಾಕವನ್ನು ಕಡ್ಡಿಗಳಾಗಿ ಹೊಸೆದು ಬಿಸಿಲಿಗೆ ಒಣಗಿಸಬೇಕು, ಬೇಕೆಂದಾಗ ಬಿಸಿನೀರಿನಲ್ಲಿ ಕರಗಿಸಿ ಬಣ್ಣಕ್ಕೆ ಬೆರೆಸಬೇಕು. ಬಡಗಿಗಳು ಸರೇಸು ಎನ್ನುವುದು ಇದರ ಬಂಧುವನ್ನೇ. ಇಂದು ಔಷಧದಂಗಡಿಯ ಕಪಾಟಿನಲ್ಲಿ ‘ಮೆರೈನ್ ಕೊಲಾಜೆನ್’ ಎಂಬ ಹೆಸರು ಹೊತ್ತು ಕುಳಿತ ಡಬ್ಬಿಯೊಳಗಿನ ಬಿಳಿ ಪುಡಿಯೂ ಇದೇ ಕುಲದ್ದು. ಕೊಲಾಜೆನ್ ಎಂಬ ಹೆಸರು ಹುಟ್ಟಿದ್ದೇ ಅಂಟು ಎಂಬರ್ಥದ ಗ್ರೀಕ್ ಮಾತಿನಿಂದ. ಎಮ್ಮೆಯ ಜಾಗಕ್ಕೆ ಮೀನು ಬಂದಿದೆ, ಕುದಿತದ ಜೊತೆಗೆ ಕಿಣ್ವ ಸೇರಿದೆ, ಗೋಡೆಯ ಬಣ್ಣ ಹಿಡಿಸುತ್ತಿದ್ದ ವಸ್ತು ಈಗ ಮುಖದ ಸುಕ್ಕು ಬಿಡಿಸುತ್ತೇನೆ ಎನ್ನುತ್ತಿದೆ.

ಈ ಪುಡಿಗೆ ಒಡಹುಟ್ಟಿದವು ಬಹಳ. ಸಣ್ಣ ಬಾಟಲಿಯ ದ್ರವ, ಕ್ಯಾಪ್ಸೂಲ್, ಮಾತ್ರೆ, ಜಗಿದು ತಿನ್ನುವ ಮಿಠಾಯಿ, ಒಂದು ಹೊತ್ತಿಗೆ ಒಂದು ಎಂಬ ಪೊಟ್ಟಣ. ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆ ಕೇಳುವವರು ಎಷ್ಟೋ ಮಂದಿ, ಉತ್ತರಿಸುವ ಜಾಹೀರಾತುಗಳು ಅದಕ್ಕೂ ಹೆಚ್ಚು. ಆದರೆ ಈ ಅಂಟಿನ ಮುನ್ನೂರು ವರ್ಷಗಳ ವ್ಯಾಪಾರ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ರೂಪ ಬದಲಾದಾಗಲೆಲ್ಲ ಅದು ಬಹುಪಾಲು ಒಣಗಿಸುವವರ, ಸಾಗಿಸುವವರ, ಮಾರುವವರ ಅನುಕೂಲಕ್ಕಾಗಿ ಬದಲಾಗಿದೆ. ತಿನ್ನುವವರಿಗೆ ಏನು ಸಿಕ್ಕಿತು ಎಂಬ ಲೆಕ್ಕ ಪ್ರತಿಸಲವೂ ತಡವಾಗಿ, ಬೇರೆಯವರ ಕೈಯಿಂದ ಬಂದಿದೆ. ಆದ್ದರಿಂದ ರೂಪದ ಪ್ರಶ್ನೆಯನ್ನು ಕೊನೆಗಿಟ್ಟು ಮೂಲ ಯಾವುದು, ಪ್ರಮಾಣ ಎಷ್ಟು, ಪುರಾವೆ ಏನು ಎಂಬ ಮೂರನ್ನು ಮೊದಲು ಕೇಳಬೇಕೆಂಬುದು ಈ ಲೇಖನದ ವಾದ.

ವಸ್ತುವಿನ ಗುಣವನ್ನು ಮೊದಲು ತಿಳಿದುಕೊಳ್ಳೋಣ. ನಮ್ಮ ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಕೊಲಾಜೆನ್. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಿಗಿ ಕೊಡುವುದು ಅದೇ. ಅದರ ಕಟ್ಟೋಣವನ್ನು ಬಿಡಿಸಿ ತೋರಿಸಿದ ಕೆಲಸ ನಡೆದದ್ದು ಮದ್ರಾಸಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ಗೋಪಿನಾಥ ಕರ್ತಾ ಅವರೊಂದಿಗೆ ಸೇರಿ, ಪಕ್ಕದ ಚರ್ಮ ಸಂಶೋಧನಾ ಸಂಸ್ಥೆಯಿಂದ ದೊರೆತ ಕಾಂಗರೂ ಬಾಲದ ಸ್ನಾಯುರಜ್ಜುವಿನ ಮೇಲೆ ಎಕ್ಸ್‌ರೇ ಹಾಯಿಸಿದರು. ಮೂರು ಎಳೆಗಳು ಜಡೆಯಂತೆ ಹೆಣೆದುಕೊಂಡಿವೆ ಎಂದು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಾರಿದರು, ಮರುವರ್ಷ ಆ ಮಾದರಿಯನ್ನು ತಿದ್ದಿದರು. ಪ್ರತಿ ಎಳೆಯಲ್ಲೂ ಮೂರಕ್ಕೊಂದು ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತಿ ಸಣ್ಣ ಅಮೈನೊ ಆಮ್ಲ ಕೂತಿರುವುದರಿಂದಲೇ ಜಡೆ ಅಷ್ಟು ಬಿಗಿ. ಬಿಸಿ ತಾಗಿದರೆ ಜಡೆ ಬಿಚ್ಚುತ್ತದೆ. ಬಿಚ್ಚಿದ ಎಳೆಗಳು ನೀರಿನಲ್ಲಿ ತಣ್ಣಗಾದಾಗ ಕಟ್ಟುವ ಲೋಳೆಯೇ ಜೆಲಟಿನ್. ಆ ಎಳೆಗಳನ್ನು ಕಿಣ್ವದಿಂದ ಚೂರುಚೂರು ಮಾಡಿದರೆ ತಣ್ಣೀರಿನಲ್ಲೂ ಕರಗುವ, ಲೋಳೆ ಕಟ್ಟದ ಪೆಪ್ಟೈಡ್ ಪುಡಿ. ಇಡೀ ಮೂಲ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಪೂರಕಗಳಲ್ಲಿರುವ ಚೂರುಗಳದು ಸಾಮಾನ್ಯವಾಗಿ ಕೆಲವೇ ಸಾವಿರ. ಜಡೆ, ಬಿಚ್ಚಿದ ಎಳೆ, ಚೂರು: ರಸಾಯನಶಾಸ್ತ್ರದ ಕಣ್ಣಿಗೆ ಇವು ಮೂರು ಮುಖ್ಯ ರೂಪಗಳು. ಪುಡಿ, ಮಾತ್ರೆ, ಬಾಟಲಿ ಎಂಬವು ಬರಿಯ ಪೊಟ್ಟಣದ ಭೇದ.

ಮೀನಿನ ಕೊಲಾಜೆನ್ನಿನ ಹಳೆಯ ವ್ಯಾಪಾರ ಶುರುವಾಗುವುದು ಮೀನು ತೇಲಲು ಬಳಸುವ ಗಾಳಿಚೀಲದಿಂದ. ಕ್ಯಾಸ್ಪಿಯನ್ ಸಮುದ್ರ ಮತ್ತು ವೋಲ್ಗಾ ನದಿಯ ಸ್ಟರ್ಜನ್ ಮೀನುಗಳ ಗಾಳಿಚೀಲವನ್ನು ರಷ್ಯದವರು ತೊಳೆದು, ಹೊರಪೊರೆ ಸುಲಿದು, ಒಳಪೊರೆಯನ್ನು ಒಣಗಿಸಿ ಯುರೋಪಿಗೆಲ್ಲ ಮಾರುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಐಸಿಂಗ್ಲಾಸ್ ಎಂದು ಹೆಸರು. ಮೊಳೆಗಳ ನಡುವೆ ಸುತ್ತಿ ಲಾಳದ ಆಕಾರಕ್ಕೆ ಬಾಗಿಸಿದರೆ ಅದು ‘ಸ್ಟೇಪಲ್’, ಅದರಲ್ಲೇ ಉದ್ದದ್ದು, ಗಿಡ್ಡದ್ದು, ಮಡಚಿಟ್ಟರೆ ‘ಪುಸ್ತಕ’, ಹರವಿ ಒಣಗಿಸಿದರೆ ‘ಎಲೆ’. ಒಂದೊಂದಕ್ಕೂ ಒಂದೊಂದು ದರ. ಮೀನು ಅದೇ, ಚೀಲ ಅದೇ. ವ್ಯತ್ಯಾಸವಿದ್ದದ್ದು ಮಡಚುವ ಕೈಯಲ್ಲಿ. ಬಿಯರ್ ತಯಾರಕರು ಇದನ್ನು ಹುಳಿಯಲ್ಲಿ ನೆನೆಸಿ ಪೀಪಾಯಿಗೆ ಸುರಿದರೆ ಮೋಡಗಟ್ಟಿದ ಯೀಸ್ಟ್ ಹಿಡಿದುಕೊಂಡು ತಳ ಸೇರುತ್ತಿತ್ತು. ಅಲ್ಲಿ ಮಾತ್ರ ರೂಪ ನಿಜಕ್ಕೂ ಮುಖ್ಯವಾಗಿತ್ತು, ಏಕೆಂದರೆ ಜಡೆ ಬಿಚ್ಚದ ಕೊಲಾಜೆನ್ ಮಾಡುವ ಈ ಕೆಲಸವನ್ನು ಕುದಿಸಿದ ಜೆಲಟಿನ್ ಅಷ್ಟು ಚೆನ್ನಾಗಿ ಮಾಡದು. ಫಲ ಕಣ್ಣೆದುರಿಗೇ ಇರುತ್ತಿತ್ತು: ಬಿಯರ್ ತಿಳಿಯಾಯಿತೋ ಇಲ್ಲವೋ. ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ಮರ್ಡಾಕ್ ದುಬಾರಿ ಸ್ಟರ್ಜನ್ ಬದಲು ಕಾಡ್ ಮೀನಿನ ಗಾಳಿಚೀಲ ಸಾಕೆಂದು ತೋರಿಸಿದಾಗ ಲಂಡನ್ನಿನ ತಯಾರಕರು ಆ ವಿಧಾನ ಬಳಸುವ ಹಕ್ಕಿಗೆ 2000 ಪೌಂಡ್ ಕೊಟ್ಟರು. ಕಣ್ಣಿಗೆ ಕಾಣುವ ಫಲಕ್ಕೆ ಲೆಕ್ಕ ಹಾಕಿ ಕೊಟ್ಟ ಬೆಲೆ ಅದು.

ಅದೇ ಐಸಿಂಗ್ಲಾಸ್ ರೋಗಿಯ ಬಟ್ಟಲಿಗೆ ಬಂದಾಗ ಕಣ್ಣಳತೆ ಕೈಕೊಟ್ಟಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದರ ಲೋಳೆ ನಿಶ್ಶಕ್ತರಿಗೆ ಪುಷ್ಟಿ ಎಂಬ ನಂಬಿಕೆಯಿತ್ತು. ಸಣ್ಣ ಎಳೆಗಳಾಗಿ ಕತ್ತರಿಸಿ ಮಾರಿದರೆ ಮೀನಿನದ್ದು ಯಾವುದು, ದನದ ಚರ್ಮದ ಅಗ್ಗದ ಜೆಲಟಿನ್ ಯಾವುದು ಎಂದು ಕೊಳ್ಳುವವರಿಗೆ ಗೊತ್ತಾಗುತ್ತಿರಲಿಲ್ಲ. 1850ರ ದಶಕದಲ್ಲಿ ಲಂಡನ್ನಿನ ವೈದ್ಯ ಆರ್ಥರ್ ಹಿಲ್ ಹ್ಯಾಸಲ್ ಸೂಕ್ಷ್ಮದರ್ಶಕ ಹಿಡಿದು ಪೇಟೆಯ ಆಹಾರಗಳ ಕಲಬೆರಕೆಯನ್ನು ಒಂದೊಂದಾಗಿ ಬಯಲಿಗೆಳೆದಾಗ ಇದೂ ಸಿಕ್ಕಿಬಿತ್ತು. ಅವರು ಹೇಳಿದ ಪರೀಕ್ಷೆ ಅಡುಗೆಮನೆಯಲ್ಲೇ ಮಾಡಬಹುದಾದದ್ದು. ತಣ್ಣೀರಿನಲ್ಲಿ ನೆನೆಸಿದರೆ ಐಸಿಂಗ್ಲಾಸಿನ ಎಳೆ ಬೆಳ್ಳಗೆ, ಮಬ್ಬಾಗಿ ಎಲ್ಲ ಕಡೆ ಒಂದೇ ಸಮ ಊದುತ್ತದೆ. ಜೆಲಟಿನ್ ಎಳೆ ಗಾಜಿನ ಪಟ್ಟಿಯಂತೆ ಪಾರದರ್ಶಕವಾಗುತ್ತದೆ. ರೂಪವನ್ನು ನುಣ್ಣಗೆ ಮಾಡಿದಷ್ಟೂ ಮೂಲ ಮರೆಯಾಗುತ್ತದೆ ಎಂಬ ಪಾಠ ಅಲ್ಲಿದೆ. ಇಂದಿನ ಪೆಪ್ಟೈಡ್ ಪುಡಿ ಆ ನುಣುಪಿನ ತುದಿ ಮುಟ್ಟಿದೆ. ನೀರಿನಲ್ಲಿ ಕರಗಿ ಕಾಣೆಯಾಗುವ ಅದರಲ್ಲಿ ಮೀನು ಯಾವುದು, ದನ ಯಾವುದು ಎಂದು ಹೇಳಲು ಹ್ಯಾಸಲ್ಲರ ಬಟ್ಟಲು ಸಾಲದು, ಪ್ರಯೋಗಾಲಯವೇ ಬೇಕು.

ಭಾರತದ ಕರಾವಳಿಯೂ ಈ ವ್ಯಾಪಾರದ ಹೊರಗಿರಲಿಲ್ಲ. ನಮ್ಮ ಕಡಲಿನ ದೊಡ್ಡ ಮೀನುಗಳ ಗಾಳಿಚೀಲ ಬಹುಕಾಲದಿಂದ ಚೀನಾಕ್ಕೆ ಹೋಗುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ವೈದ್ಯ, ಸಸ್ಯಶಾಸ್ತ್ರಜ್ಞ ಜಾನ್ ಫೋರ್ಬ್ಸ್ ರಾಯ್ಲ್ 1842ರಲ್ಲಿ ಭಾರತದ ಕರಾವಳಿಯ ಐಸಿಂಗ್ಲಾಸ್ ಬಗ್ಗೆಯೇ ಒಂದು ಪುಸ್ತಕ ಬರೆದರು. ಚೀನಾಕ್ಕೆ ಹೋಗುವ ಸರಕನ್ನು ಶುಚಿಯಾಗಿ ತಯಾರಿಸಿದರೆ ರಷ್ಯದ ಮಾಲಿಗೆ ಎದುರಾಗಿ ಲಂಡನ್ನಿನಲ್ಲಿ ಮಾರಬಹುದೆಂಬುದು ಅವರ ಆಸೆ. ಇಂದಿಗೂ ಘೋಲ್ ಮೀನು ಬಲೆಗೆ ಬಿದ್ದರೆ ಮೀನುಗಾರರಿಗೆ ಲಾಟರಿ ಹೊಡೆದಂತೆ ಎನ್ನುವುದು ಮಾಂಸದ ರುಚಿಗಿಂತ ಹೆಚ್ಚಾಗಿ ಅದರ ಗಾಳಿಚೀಲದ ಬೆಲೆಯಿಂದ. ಮಾಂಸ ಊರಿನ ಪೇಟೆಗೆ, ಚೀಲ ದೂರದ ದೇಶಕ್ಕೆ ಎಂಬ ಈ ಪಾಲು ಹಳೆಯದು. ಬೆಲೆಯನ್ನು ನಿರ್ಧರಿಸಿದ್ದು ಕೊನೆಯ ಕೊಳ್ಳುವವರ ನಂಬಿಕೆ, ಹಿಡಿದವರಿಗೆ ಅದರ ಉಪಯೋಗ ಗೊತ್ತಿರಬೇಕೆಂದೇನೂ ಇರಲಿಲ್ಲ.

ಹಡಗುಗಳ ಕಥೆ ಇನ್ನೂ ವಿಚಿತ್ರ. ಹದಿನೆಂಟನೆಯ ಶತಮಾನದ ಬ್ರಿಟಿಷ್ ನೌಕಾಪಡೆ ಮೂಳೆ, ಮಾಂಸ, ಗೊರಸುಗಳನ್ನು ಕುದಿಸಿ ಬತ್ತಿಸಿ, ಬೆಲ್ಲದಚ್ಚಿನಂತೆ ಗಟ್ಟಿ ಮಾಡಿದ ‘ಸಾಗಿಸುವ ಸಾರು’ ಒಯ್ಯುತ್ತಿತ್ತು. 1768ರಲ್ಲಿ ಹೊರಟ ಜೇಮ್ಸ್ ಕುಕ್ ಹಡಗಿನಲ್ಲೂ ಅದಿತ್ತು. ಸ್ಕರ್ವಿ ರೋಗವನ್ನು ತಡೆಯುವುದೆಂಬ ಭರವಸೆಯಿಂದ ನಾವಿಕರಿಗೆ ಅದನ್ನು ಬಡಿಸುತ್ತಿದ್ದರು. ಸ್ಕರ್ವಿ ಎಂದರೆ ಒಸಡು ಸಡಿಲವಾಗಿ, ಹಳೆಯ ಗಾಯ ಮತ್ತೆ ಬಿಚ್ಚಿಕೊಳ್ಳುವ ಕಾಯಿಲೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ದೇಹ ತನ್ನ ಕೊಲಾಜೆನ್ ಜಡೆಯನ್ನು ಹೆಣೆಯಲಾರದ ಸ್ಥಿತಿ. ಹೆಣೆಯಲು ವಿಟಮಿನ್ ಸಿ ಬೇಕು. 1747ರಲ್ಲೇ ಜೇಮ್ಸ್ ಲಿಂಡ್ ಕಿತ್ತಳೆ, ನಿಂಬೆ ಕೊಟ್ಟ ನಾವಿಕರು ಬೇಗ ಚೇತರಿಸಿಕೊಂಡದ್ದನ್ನು ಕಂಡಿದ್ದರು. ಅಂದರೆ ಕೊಲಾಜೆನ್ ಒಡೆದು ಸಾಯುತ್ತಿದ್ದ ಜನರ ಬಟ್ಟಲಲ್ಲಿ ಕೊಲಾಜೆನ್ ಸಾರು ತುಂಬಿತ್ತು, ಅದರಿಂದ ರೋಗ ವಾಸಿಯಾಗಲಿಲ್ಲ. ತಿಂದ ಅಂಟು ನೇರವಾಗಿ ಮೈಯ ಅಂಟಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಯಾರೂ ಬೇಕೆಂದು ಮಾಡಿಲ್ಲ.

ಪ್ಯಾರಿಸ್ ಬೇಕೆಂದೇ ಒಂದು ಪ್ರಯೋಗ ಮಾಡಿತು. ಡೆನಿ ಪಪ್ಯಾಂ 1681ರಲ್ಲಿ ಮೂಳೆ ಮೆತ್ತಗೆ ಮಾಡುವ ಒತ್ತಡದ ಪಾತ್ರೆಯ ಬಗ್ಗೆ ಪುಸ್ತಕ ಬರೆದಾಗಿನಿಂದ ಮೂಳೆಯಿಂದ ಬಡವರಿಗೆ ಊಟ ಎಂಬ ಕನಸು ಹುಟ್ಟಿಕೊಂಡಿತ್ತು. ನಮ್ಮ ಪ್ರೆಷರ್ ಕುಕ್ಕರಿನ ಅಜ್ಜ ಆ ಪಾತ್ರೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರಸಾಯನಶಾಸ್ತ್ರಜ್ಞ ದಾರ್ಸೆ ಮೂಳೆಯಿಂದ ಜೆಲಟಿನ್ ತೆಗೆದು ಆಸ್ಪತ್ರೆ, ಅನಾಥಾಲಯಗಳಿಗೆ ಸಾರು ಹಂಚುವ ಏರ್ಪಾಡು ಮಾಡಿದರು. ಹೊಟ್ಟೆ ತುಂಬಿದರೂ ಜನ ಸೊರಗುತ್ತಾರೆ ಎಂಬ ದೂರು ಬಂತು. ವಿಜ್ಞಾನ ಅಕಾಡೆಮಿ ಸಮಿತಿ ನೇಮಿಸಿತು, ಶರೀರಶಾಸ್ತ್ರಜ್ಞ ಮಜಾಂಡಿ ವರ್ಷಗಟ್ಟಲೆ ನಾಯಿಗಳ ಮೇಲೆ ಪರೀಕ್ಷಿಸಿದರು. ಬರೀ ಜೆಲಟಿನ್ ತಿಂದ ನಾಯಿಗಳು ಬದುಕುವುದಿಲ್ಲವೆಂದು 1841ರಲ್ಲಿ ವರದಿ ಹೊರಬಂತು. 1859ರ ಹೊತ್ತಿಗೆ ಫ್ಲಾರೆನ್ಸ್ ನೈಟಿಂಗೇಲ್ ದಾದಿಯರಿಗಾಗಿ ಬರೆದ ಪುಸ್ತಕದಲ್ಲಿ ರೋಗಿಗೆ ಲೋಳೆ ತಿನ್ನಿಸುವ ಚಟವನ್ನು ಹಾಸ್ಯ ಮಾಡಿದರು. ಕಾರಣ ತಿಳಿದದ್ದು ಇನ್ನೂ ತಡವಾಗಿ: 1901ರಲ್ಲಿ ಹಾಪ್ಕಿನ್ಸ್ ಮತ್ತು ಕೋಲ್ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಬೇರ್ಪಡಿಸಿದರು. ದೇಹ ತಾನೇ ತಯಾರಿಸಿಕೊಳ್ಳಲಾರದ ಆ ಆಮ್ಲ ಕೊಲಾಜೆನ್ನಿನಲ್ಲಿ ಇಲ್ಲವೇ ಇಲ್ಲ. ಬೇಳೆ, ಹಾಲು, ಮೊಟ್ಟೆಗಳ ಜಾಗವನ್ನು ಅದು ತುಂಬಲಾರದೆಂಬುದು ಅಂದಿನಿಂದ ಪಠ್ಯಪುಸ್ತಕದ ಮಾತು.

ಪಠ್ಯಪುಸ್ತಕದ ಮಾತು ಮರೆತರೆ ಏನಾಗುತ್ತದೆಂದು 1970ರ ದಶಕದ ಅಮೆರಿಕ ತೋರಿಸಿತು. ದನದ ಚರ್ಮ, ಸ್ನಾಯುರಜ್ಜುಗಳನ್ನು ಕರಗಿಸಿ ಸುವಾಸನೆ ಬೆರೆಸಿದ ‘ದ್ರವ ಪ್ರೋಟೀನ್’ ಅನ್ನಷ್ಟೇ ಕುಡಿದು ಉಪವಾಸವಿದ್ದರೆ ತೂಕ ಇಳಿಯುವುದೆಂದು 1976ರಲ್ಲಿ ಬಂದ ಪುಸ್ತಕವೊಂದು ಹೇಳಿತು. ಲಕ್ಷಾಂತರ ಜನ ಕುಡಿದರು. ಹೃದಯದ ಬಡಿತ ತಪ್ಪಿ ಸತ್ತವರ ವರದಿಗಳು 1977ರಿಂದ ಬರತೊಡಗಿದವು, ಒಟ್ಟು ಸುಮಾರು 60 ಸಾವುಗಳು ದಾಖಲಾದವು. ಅಲ್ಲಿ ಕೊಂದದ್ದು ಬೇರೆ ಊಟವಿಲ್ಲದ ದೀರ್ಘ ಉಪವಾಸ ಮತ್ತು ಅರೆಕೊರೆ ಪ್ರೋಟೀನ್ ಎರಡೂ ಸೇರಿ. ಊಟದ ಜೊತೆ ಒಂದು ಚಮಚ ಕೊಲಾಜೆನ್ ಕುಡಿಯುವವರಿಗೆ ಆ ಭಯ ಬೇಡ. ಆದರೂ ಆ ಘಟನೆಯ ವ್ಯಾಪಾರದ ಭಾಗ ನೆನಪಿಡತಕ್ಕದ್ದು. ಪ್ಯಾರಿಸ್ಸಿನಲ್ಲಿ ಸೋತ ಸಾರು ಬಾಟಲಿಗೆ ಇಳಿದು, ಹಣ್ಣಿನ ರುಚಿ ಬೆರೆಸಿಕೊಂಡು ಹೊಸ ವಸ್ತುವೆಂದು ಮಾರಾಟವಾಯಿತು. ರೂಪ ಬದಲಾದುದರಿಂದ ಹಳೆಯ ತೀರ್ಪು ಇದಕ್ಕೂ ಅನ್ವಯಿಸುತ್ತದೆಂದು ಯಾರಿಗೂ ಹೊಳೆಯಲಿಲ್ಲ.

ಮೀನು ಮತ್ತೆ ಮುಂಚೂಣಿಗೆ ಬಂದದ್ದು ದನಗಳ ರೋಗದಿಂದ. ಬ್ರಿಟನ್ನಿನಲ್ಲಿ 1986ರಲ್ಲಿ ಗುರುತಿಸಿದ ‘ಹುಚ್ಚು ಹಸು’ ರೋಗಕ್ಕೂ ಮನುಷ್ಯರ ಮಿದುಳಿನ ಕಾಯಿಲೆಗೂ ನಂಟಿದೆಯೆಂದು 1996ರಲ್ಲಿ ಸರ್ಕಾರ ಒಪ್ಪಿಕೊಂಡಿತು. 2001ರಲ್ಲಿ ಜಪಾನಿನಲ್ಲೂ ರೋಗ ಕಾಣಿಸಿತು. ದನದ ಮೂಳೆಯ ಜೆಲಟಿನ್ ಬಗ್ಗೆ ಜನ ಹಿಂಜರಿದರು, ತಯಾರಕರು ಮೀನಿನ ಚರ್ಮ, ಹುರುಪೆಗಳ ಕಡೆ ತಿರುಗಿದರು. ದನ, ಹಂದಿ ಎರಡನ್ನೂ ತಿನ್ನದವರ ದೊಡ್ಡ ಪೇಟೆ ಜೊತೆಗೇ ಸಿಕ್ಕಿತು. ಮೀನಿನ ಒಂದು ಗುಣವೂ ಅನುಕೂಲವಾಯಿತು: ತಣ್ಣೀರಿನ ಕಾಡ್ ಮೀನಿನ ಕೊಲಾಜೆನ್ ಜಡೆ ಸುಮಾರು 15 ಡಿಗ್ರಿಯಲ್ಲೇ ಬಿಚ್ಚುತ್ತದೆ, ದನದ್ದಕ್ಕೆ ಮೈಬಿಸಿಯಷ್ಟು ಕಾವು ಬೇಕು. ಮೀನು ಸಂಸ್ಕರಣೆಯ ತಿಪ್ಪೆಯಲ್ಲಿ ಕೊಳೆಯುತ್ತಿದ್ದುದು ಹೀಗೆ ಡಬ್ಬಿಯ ಸರಕಾಯಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಹುರುಪೆಯಿಂದ ಪೆಪ್ಟೈಡ್ ತೆಗೆಯುವ ಕ್ರಮವನ್ನು ರೂಪಿಸಿದೆ. ಮಂಗಳೂರು, ಉಡುಪಿ ಕಡೆ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುವ ರಾಶಿಯಲ್ಲೂ ಇದೇ ವಸ್ತುವಿದೆ. ಕಸವನ್ನು ರಸ ಮಾಡುವುದು ಒಳ್ಳೆಯ ಕೆಲಸವೇ. ಆದರೆ ಕಸಕ್ಕೆ ಒಂದು ದಾರಿ ಬೇಕಿತ್ತು ಎಂಬುದು ಅದನ್ನು ತಿನ್ನಲು ಕಾರಣವಾಗಲಾರದು.

ಇಷ್ಟಕ್ಕೆ ಬಲವಾದ ಆಕ್ಷೇಪವೊಂದಿದೆ. ಪ್ಯಾರಿಸ್ಸಿನ ಲೋಳೆಯ ಮೇಲಿನ ತೀರ್ಪನ್ನು ಇಂದಿನ ಪೆಪ್ಟೈಡಿನ ಮೇಲೆ ಹೇರುವುದು ಸರಿಯೇ? ಆಗ ಕೇಳಿದ ಪ್ರಶ್ನೆ ಇದು ಊಟವಾದೀತೇ ಎಂದು, ಈಗಿನದು ಚರ್ಮಕ್ಕೋ ಕೀಲಿಗೋ ಒಂದು ಸಂಕೇತವಾದೀತೇ ಎಂದು. ಆಕ್ಷೇಪದಲ್ಲಿ ಹುರುಳಿದೆ. ಕೊಲಾಜೆನ್ ತಿಂದವರ ರಕ್ತದಲ್ಲಿ ಪ್ರೋಲೀನ್ ಮತ್ತು ಹೈಡ್ರಾಕ್ಸಿಪ್ರೋಲೀನ್ ಜೋಡಿಯಾಗಿರುವ ಚೂರು ಜೀರ್ಣವಾಗದೆ ಉಳಿಯುವುದನ್ನು ಜಪಾನಿನ ವಿಜ್ಞಾನಿಗಳು 2005ರಲ್ಲಿ ತೋರಿಸಿದ್ದಾರೆ. ಚರ್ಮದ ತೇವ, ಬಿಗಿ ಹೆಚ್ಚಿತೆಂದು ಹೇಳುವ ಪರೀಕ್ಷೆಗಳೂ ಹಲವಿವೆ. ಆದರೆ 2025ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ 23 ಪರೀಕ್ಷೆಗಳ, 1474 ಜನರ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆ ಹೇಳಿದ್ದನ್ನು ಗಮನಿಸಬೇಕು. ಎಲ್ಲವನ್ನೂ ಕೂಡಿಸಿದರೆ ಲಾಭ ಕಂಡಿತು. ಕಂಪನಿಗಳ ಹಣವಿಲ್ಲದ ಪರೀಕ್ಷೆಗಳನ್ನು ಬೇರೆ ಇಟ್ಟರೆ ಲಾಭ ಮಾಯವಾಯಿತು, ಗುಣಮಟ್ಟ ಉತ್ತಮವಿದ್ದವುಗಳಲ್ಲೂ ಅಷ್ಟೇ. ಕೀಲುಗಳಿಗೆ ಒಳ್ಳೆಯದೆಂಬ ಹೇಳಿಕೆಗೆ ಸಾಕಷ್ಟು ಆಧಾರವಿಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲೇ ತಳ್ಳಿಹಾಕಿದೆ. ಹೀಗಾಗಿ ನ್ಯಾಯವಾದ ತೀರ್ಪು ಇಷ್ಟು: ಫಲ ಅಸಾಧ್ಯವೆನ್ನಲು ಕಾರಣವಿಲ್ಲ, ಸಿದ್ಧವಾಗಿದೆ ಎನ್ನಲೂ ಆಗದು.

ಇನ್ನೊಂದು ಆಕ್ಷೇಪ ಪರಂಪರೆಯದು. ಚೀನಾದಲ್ಲಿ ಶತಮಾನಗಳಿಂದ ಮೀನಿನ ಗಾಳಿಚೀಲದ ಸೂಪು ಕುಡಿಯುತ್ತ ಬಂದಿದ್ದಾರೆ, ಅಷ್ಟು ಜನ ತಪ್ಪುತ್ತಾರೆಯೇ ಎಂದು ಕೇಳಬಹುದು. ರುಚಿಗೆ, ಮರ್ಯಾದೆಗೆ, ಹಬ್ಬಕ್ಕೆ ಒಂದು ತಿನಿಸು ಉಳಿದುಬಂದರೆ ಅದು ಅದರ ರುಚಿಯ ಸಾಕ್ಷಿ. ಚರ್ಮಕ್ಕೆ ಏನು ಮಾಡಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕು. ನಂಬಿಕೆಗೆ ತೆರುವ ಬೆಲೆಯೂ ಇದೆ. ಮೆಕ್ಸಿಕೋದ ಟೊಟೊಆಬ ಮೀನಿನ ಗಾಳಿಚೀಲಕ್ಕಾಗಿ ಕಳ್ಳತನದಿಂದ ಹಾಕುವ ಬಲೆಗಳಿಗೆ ಸಿಕ್ಕಿ ವಕೀಟ ಎಂಬ ಪುಟ್ಟ ಕಡಲ ಸಸ್ತನಿ ಹತ್ತರ ಆಸುಪಾಸಿಗೆ ಇಳಿದಿದೆ. ಈ ಲೆಕ್ಕದಲ್ಲಿ ಬಿಸಾಡುವ ಚರ್ಮ, ಹುರುಪೆಯಿಂದ ಮಾಡಿದ ಪುಡಿ ಎಷ್ಟೋ ಮೇಲು ಎಂಬುದನ್ನು ಒಪ್ಪಬೇಕು.

ಇಷ್ಟಾದ ಮೇಲೂ ಕೊಳ್ಳಬೇಕೆನ್ನುವವರು ಕೊಳ್ಳಲಿ, ಲೆಕ್ಕ ಹಾಕಿ ಕೊಳ್ಳಲಿ. ಪರೀಕ್ಷೆಗಳಲ್ಲಿ ಕೊಟ್ಟದ್ದು ಬಹುಪಾಲು ದಿನಕ್ಕೆ ಎರಡೂವರೆಯಿಂದ 10 ಗ್ರಾಂ. ಅರ್ಧ ಗ್ರಾಮಿನ ಕ್ಯಾಪ್ಸೂಲಿನಲ್ಲಿ 10 ಗ್ರಾಂ ಸೇರಬೇಕಾದರೆ 20 ನುಂಗಬೇಕು. ಅದರ ಹೊರಕವಚವೂ ಸಾಮಾನ್ಯವಾಗಿ ಜೆಲಟಿನ್ನೇ, ಪ್ಯಾರಿಸ್ಸಿನಲ್ಲಿ 1834ರಲ್ಲಿ ಹಕ್ಕುಪತ್ರ ಪಡೆದ ಹಳೆಯ ಉಪಾಯ. ಮಿಠಾಯಿಯಲ್ಲಿ ಕೊಲಾಜೆನ್ನಿಗಿಂತ ಸಕ್ಕರೆಯ ಪಾಲು ಮುಂದಿರಬಹುದು. ಬಾಟಲಿಯಲ್ಲಿ ನೀರು, ರುಚಿ, ಕೆಡದಂತೆ ಕಾಯುವ ವಸ್ತುಗಳಿಗೂ ಹಣ ತೆರುತ್ತೀರಿ. ಹೊಟ್ಟೆ ಸೇರಿದ ಮೇಲೆ ಕರಗಿಸಿಕೊಂಡ ಪುಡಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಗ್ರಾಮಿನ ಲೆಕ್ಕದಲ್ಲಿ ಸಾದಾ ಪುಡಿಯೇ ಸಾಮಾನ್ಯವಾಗಿ ಅಗ್ಗ, ಅಳೆಯಲೂ ಸುಲಭ. ‘ಸಸ್ಯ ಕೊಲಾಜೆನ್’ ಎಂದು ಬರೆದಿದ್ದರೆ ಗಿಡದಲ್ಲಿ ಕೊಲಾಜೆನ್ ಇರುವುದಿಲ್ಲವೆಂಬುದನ್ನು ನೆನೆಯಿರಿ. ಮೀನು ಒಗ್ಗದವರು ಇದರ ತಂಟೆಗೇ ಹೋಗಬಾರದು. ಮೈ ತನ್ನ ಜಡೆಯನ್ನು ತಾನೇ ಹೆಣೆಯಲು ಬೇಕಾದ ವಿಟಮಿನ್ ಸಿ ನೆಲ್ಲಿಕಾಯಿ, ಸೀಬೆ, ನಿಂಬೆಗಳಲ್ಲಿ ಕಡಿಮೆ ಕಾಸಿಗೆ ಸಿಗುತ್ತದೆ, ಅದಕ್ಕೆ ಬೇಕಾದ ಪ್ರೋಟೀನ್ ಬೇಳೆ, ಮೊಸರು, ಮೀನುಸಾರಿನಲ್ಲಿದೆ. ಅಂಗಡಿಯಲ್ಲಿ ಡಬ್ಬಿ ಕೈಗೆ ಬಂದಾಗ ಮುಂಬದಿಯ ಚಿತ್ರ ಬಿಟ್ಟು ಹಿಂಬದಿ ತಿರುಗಿಸಿ: ಕಂದು ತ್ರಿಕೋನದ ಮಾಂಸಾಹಾರ ಗುರುತು, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ, ಯಾವ ಮೀನಿನ ಯಾವ ಭಾಗದಿಂದ ಮಾಡಿದ್ದು, ದಿನಕ್ಕೆ ಎಷ್ಟು ಗ್ರಾಂ. ಈ ನಾಲ್ಕರಲ್ಲಿ ಒಂದು ಕಾಣದಿದ್ದರೂ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.